ನೀಲಿ ಡಬ್ಬಿಯ ಮಾಸ್ಕು

ಈ ಗಂಡ ಹೆಂಡತಿಯ ವಿಷಯ ಹೇಳಲೇಬೇಕು. ಯಾಕೆಂದರೆ ಇಬ್ಬರೂ ತಮ್ಮ ತಮ್ಮ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪು ಮಾಡದವರು. ಅಷ್ಟು ಅಚ್ಚುಕಟ್ಟಿನ ಇಬ್ಬರು ಒಂದೇ ಮನೆಯಲ್ಲಿದ್ದರೆ ಎಂಥ ಅನಾಹುತ ಆಗಬಹುದು ಅನ್ನುವುದು ಎಲ್ಲರಿಗೂ ಗೊತ್ತಾಗಲಿ.

ಅವನು ಮನೆಗಳಿಗೆ ಬಣ್ಣ ಬಳಿಯುವವನು. ಬೀದಿಗೆಲ್ಲ ಪೇಂಟರಣ್ಣ. ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡ ಟೈಲರಕ್ಕ. ಪೇಂಟರಣ್ಣನಿಗೆ ಆಸ್ತಿ ಅಂತ ಇದ್ದದ್ದು ಎರಡು. ಒಂದು ಏಣಿ, ಒಂದು ಮೀಸೆ. ಏಣಿಯನ್ನು ಯಾರು ಕೇಳಿದರೂ ಕೊಡುತ್ತಿದ್ದ. ಮೀಸೆಯನ್ನು ಹೆಂಡತಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಆ ಮನೆಯಲ್ಲೊಂದು ಪದ್ಧತಿ. ಯಾವ ಡಬ್ಬದಲ್ಲೂ ಅದರ ಮೇಲೆ ಬರೆದದ್ದು ಇರುವುದಿಲ್ಲ. ಬಿಸ್ಕತ್ತಿನ ಡಬ್ಬದಲ್ಲಿ ಅಂಗಿ ಗುಂಡಿ. ಕಾಫಿಪುಡಿ ಡಬ್ಬದಲ್ಲಿ ಮೊಳೆ. ಬಿಸ್ಕತ್ತು ಇರುವುದು ಹಳೇ ಪೇಂಟಿನ ಡಬ್ಬದಲ್ಲಿ. (ತೊಳೆದ ಡಬ್ಬ ಸ್ವಾಮಿ, ಗಾಬರಿ ಬೇಡ.) ಖಾಲಿ ಡಬ್ಬ ಕಂಡರೆ ಇಬ್ಬರಿಗೂ ಕೈ ತುರಿಸುತ್ತದೆ. ಏನಾದರೂ ತುಂಬಿದರೇ ಸಮಾಧಾನ.

ಈಗ ಕೂದಲಿಗೆ ಬರೋಣ. ದಿನವಿಡೀ ಇಸ್ತ್ರಿ ಪೆಟ್ಟಿಗೆಯ ಬಿಸಿಗೆ ಬಗ್ಗಿ, ಮೇಲೆ ಅಗ್ಗದ ಬಣ್ಣ ಹಚ್ಚಿ, ಟೈಲರಕ್ಕನ ಕೂದಲು ಒಣಗಿದ ಪೊರಕೆಯಂತಾಗಿತ್ತು. ಒಂದು ದಿನ ಬೇಜಾರಾಗಿ ಕೇಳಿದಳು.

"ಏನ್ರೀ, ನನ್ನ ಕೂದಲು ಯಾಕೆ ಹಿಂಗಾಗಿದೆ?"

"ನನ್ನ ನಾಲ್ಕಿಂಚಿನ ಬ್ರಷ್ಷೂ ಹಿಂಗೇ ಆಗಿತ್ತು. ಸೀಮೆಎಣ್ಣೇಲಿ ಅದ್ದಿಟ್ಟೆ, ಸರಿಹೋಯ್ತು."

ಪಾಪ, ಪ್ರೀತಿಯಿಂದಲೇ ಹೇಳಿದ್ದು. ಆ ಬ್ರಷ್ಷೆಂದರೆ ಅವನಿಗೆ ಪ್ರಾಣ. ಆದರೆ ಅವತ್ತು ಅವಳು ಊಟದ ತಟ್ಟೆ ಕುಕ್ಕಿದ ಸದ್ದಿಗೆ ಪಕ್ಕದ ಮನೆಯ ಮಗು ಎದ್ದು ಕೂತಿತು.

ಸಿಟ್ಟಿಗೆ ಕಾರಣವಿತ್ತು. ಎದುರಿಗೆ ಇನ್ನೊಂದು ಹೊಲಿಗೆ ಅಂಗಡಿ ಬಂದಿತ್ತು. ಅದರ ಬೋರ್ಡಿನಲ್ಲಿ ಮೊಣಕಾಲುದ್ದ ಕೂದಲಿನ ಯಾರೋ ಹುಡುಗಿ ನಗುತ್ತಿದ್ದಳು. ಗಿರಾಕಿಗಳು ಆ ನಗೆಗೆ ಸೋತು ಅಲ್ಲಿಗೇ ಹೋಗುತ್ತಿದ್ದರು. ಇಲ್ಲಿಗೆ ಬಂದವರು "ಪೇಂಟರಣ್ಣ ಇದಾರಾ, ಏಣಿ ಬೇಕಿತ್ತು" ಅನ್ನುತ್ತಿದ್ದರು. ತನಗೂ ಒಂದು ಬೋರ್ಡು ಬೇಕು, ಅದರಲ್ಲಿ ತನ್ನದೇ ಮುಖ ಇರಬೇಕು ಅಂತ ಟೈಲರಕ್ಕ ಹಟ ಹಿಡಿದಳು. ಬೋರ್ಡಿನವನು ಭಾನುವಾರ ಬೆಳಿಗ್ಗೆ ಬಂದು ಫೋಟೋ ತೆಗೆಯಲು ಒಪ್ಪಿದ.

"ಒಂದೇ ಸಲ ಬರೋದು ಅಕ್ಕ. ಫೋಟೋ ಚೆನ್ನಾಗಿ ಬರ್ಲಿಲ್ಲ ಅಂದ್ರೆ ಕತ್ತರಿ ಚಿತ್ರ ಹಾಕಿ ಮುಗಿಸ್ತೀನಿ."

ಅದಕ್ಕೇ ಅವಳು ಗಂಡನಿಗೆ ಹೇಳದೆ ಒಂದು ನೀಲಿ ಡಬ್ಬಿ ತಂದಳು. ಹಾಳಾದ ಕೂದಲಿಗೆ ಹಚ್ಚುವ ಹೇರ್ ಮಾಸ್ಕು. ಒದ್ದೆ ಕೂದಲಿಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದರೆ ರೇಷ್ಮೆ, ಹೂವಿನ ವಾಸನೆ ಬೇರೆ ಅಂತ ಅಂಗಡಿಯವಳು ಹೇಳಿದ್ದಳು. ಭಾನುವಾರಕ್ಕೆ ಅಂತ ಅದನ್ನು ಬಟ್ಟೆ ತುಂಡುಗಳ ಹಿಂದೆ ಇಟ್ಟಳು.

ಶನಿವಾರ ಅವಳು ದಾರ ತರಲು ಹೋದಾಗ ಪೇಂಟರಣ್ಣನಿಗೆ ಪಶ್ಚಾತ್ತಾಪ ಹುಟ್ಟಿತು. ಮಿಷನ್ ಹಿಂದಿನ ಗೋಡೆಯಲ್ಲಿ ಉದ್ದಕ್ಕೊಂದು ಬಿರುಕು. ಊರಿನ ಗೋಡೆಗಳನ್ನೆಲ್ಲ ನುಣ್ಣಗೆ ಮಾಡುವವನ ಮನೆಯದೇ ಗೋಡೆ. ಅವಳು ಹೇಳಿ ಹೇಳಿ ಸಾಕಾಗಿದ್ದಳು. ನಾಳೆ ಫೋಟೋದಲ್ಲಿ ಬಿರುಕು ಕಂಡರೆ? ಅವನು ಬಿರುಕು ಮುಚ್ಚುವ ಪುಟ್ಟಿ ಹುಡುಕಿದ. ಬಟ್ಟೆ ತುಂಡುಗಳ ಹಿಂದೆ ನೀಲಿ ಡಬ್ಬಿ ಸಿಕ್ಕಿತು. ಒಳಗೆ ಬೆಳ್ಳಗೆ, ಗಟ್ಟಿಯಾಗಿತ್ತು. ಮೇಲೆ ಏನೋ ಕೂದಲಿನ ಚಿತ್ರ. ಆ ಮನೆಯಲ್ಲಿ ಚಿತ್ರ ನೋಡಿ ನಂಬುವವರು ಯಾರು?

ಬಳಿದ. ಬೆಣ್ಣೆಯಂತೆ ಬಿರುಕಿಗೆ ಇಳಿಯಿತು. 'ಈಗೀಗ ಪುಟ್ಟಿಗೂ ಸೆಂಟು ಹಾಕ್ತಾರೆ' ಅಂದುಕೊಂಡು ಡಬ್ಬಿ ಖಾಲಿ ಮಾಡಿದ. ಖಾಲಿ ಡಬ್ಬಿ. ಕೈ ತುರಿಸಿತು. ಹುಡುಕುವಾಗ ಕಾಣದೆ, ಈಗ ಏಣಿಯ ಹಿಂದೆ ಬಕೆಟ್ಟಿನಲ್ಲಿ ಕಂಡ ಕಲಸಿದ ಪುಟ್ಟಿಯನ್ನು ಅದರ ತುಂಬ ತುಂಬಿ, ಮುಚ್ಚಳ ಹಾಕಿ, ಇದ್ದಲ್ಲೇ ಇಟ್ಟ. ಅವನು ಅಚ್ಚುಕಟ್ಟಿನ ಮನುಷ್ಯ.

ಭಾನುವಾರ ಬೆಳಿಗ್ಗೆ ಟೈಲರಕ್ಕ ಡಬ್ಬಿ ತೆಗೆದು ಮೂಸಿದಳು. ಹೂವಿನ ವಾಸನೆ ಇಲ್ಲ. ಅವಳ ಕೆಲಸದಲ್ಲೂ ಒಂದು ಪದ್ಧತಿ. ಒಳ್ಳೆ ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಾಳು ತುಂಡಿನ ಮೇಲೆ ನೋಡಬೇಕು. ಹಾಳು ತುಂಡಿಗಾಗಿ ಅತ್ತ ಇತ್ತ ನೋಡಿದಳು. ಪೇಂಟರಣ್ಣ ಫ್ಯಾನಿನ ಕೆಳಗೆ ಬಾಯಿ ತೆರೆದು ಮಲಗಿದ್ದ. ಮೀಸೆ ಏರಿ ಇಳಿಯುತ್ತಿತ್ತು.

ದಪ್ಪಗೆ ಹಚ್ಚಿದಳು. ಅಷ್ಟರಲ್ಲಿ ಅಳತೆ ಕೊಡಲು ಯಾರೋ ಬಂದರು. ಹತ್ತು ನಿಮಿಷ ಹೋಗಿ ಒಂದು ಗಂಟೆಯಾಯಿತು.

ಪೇಂಟರಣ್ಣ ಆಕಳಿಸಲು ನೋಡಿದ. ಮೇಲಿನ ತುಟಿ ಬರಲೊಲ್ಲದು. ಮುಟ್ಟಿದ. ಮೀಸೆಯಿದ್ದಲ್ಲಿ ಕಟ್ಟಡ.

"ಏನೇ ಹಚ್ಚಿದೆ?" ಕೆಳತುಟಿಯೊಂದರಲ್ಲೇ ಕೇಳಿದ.

"ಮಾಸ್ಕು ಕಣ್ರೀ. ಮೆತ್ತಗಾಯ್ತಾ?"

"ಯಾವ ಡಬ್ಬಿ?"

"ನೀಲೀದು."

ಅವನು ತಜ್ಞನಂತೆ ಬೆರಳಿನಿಂದ ಮೀಸೆ ಕುಟ್ಟಿ ನೋಡಿದ. "ಇದು ಪುಟ್ಟಿ. ಉಜ್ಜೋ ಕಾಗದ ಹಿಡಿದ್ರೂ ಜಗ್ಗಲ್ಲ."

"ಹಾಗಾದ್ರೆ ನನ್ನ ಮಾಸ್ಕೆಲ್ಲಿ?"

ಅವನು ಗೋಡೆ ನೋಡಿದ. ಅವಳೂ ನೋಡಿದಳು. ಬಿರುಕು ಇನ್ನೂ ಹಸಿಯಾಗಿ ಮಿರಮಿರ ಮಿಂಚುತ್ತಿತ್ತು.

"ಗೋಡೆಗೆ ಹಚ್ಚಿದ್ರಾ?"

"ನಿನಗೋಸ್ಕರಾನೇ."

"ನನಗೋಸ್ಕರ ಅಂದ್ರೆ ನನ್ನ ತಲೆಗೆ ಹಚ್ಬೇಕಿತ್ತು ಮಹಾರಾಯ್ರೆ."

ಆಗಲೇ ಬೀದಿ ತುದಿಯಲ್ಲಿ ಬೋರ್ಡಿನವನ ಬೈಕಿನ ಸದ್ದು. ಬೇರೆ ಹೆಂಗಸಾಗಿದ್ದರೆ ಅಳುತ್ತಿದ್ದಳು. ಟೈಲರಕ್ಕ ಪುಟ್ಟಿ ಬ್ಲೇಡು ತೆಗೆದುಕೊಂಡು, ಗೋಡೆಯಿಂದ ಮಾಸ್ಕನ್ನು ಸುಣ್ಣದ ಪುಡಿ ಸಮೇತ ಹೆರೆದು, ತಲೆ ನೆನೆಸಿ ಹಚ್ಚಿಕೊಂಡಳು. ಬೋರ್ಡಿನವನಿಗೆ ಪೇಂಟಿನ ಡಬ್ಬದಿಂದ ಬಿಸ್ಕತ್ತು ಕೊಟ್ಟಳು. ಅವನು ಡಬ್ಬ ನೋಡಿ ತಿನ್ನಲೋ ಬೇಡವೋ ಅಂತ ಯೋಚಿಸುವಷ್ಟರಲ್ಲಿ ಹತ್ತು ನಿಮಿಷ ಆಗಿತ್ತು. ತೊಳೆದುಕೊಂಡು ಬಂದಳು. ಕೂದಲು ಜಾರುತ್ತಿತ್ತು, ಹೊಳೆಯುತ್ತಿತ್ತು, ಹೂವಿನಂತೆ ಘಮ್ಮೆನ್ನುತ್ತಿತ್ತು. ಎದುರಿನ ಬೋರ್ಡಿನ ಹುಡುಗಿಯ ನಗು ಕೂಡ ಸ್ವಲ್ಪ ಕಮ್ಮಿಯಾದಂತೆ ಕಂಡಿತು.

"ಅಕ್ಕ, ಹಿಂದೆ ಬಿರುಕು ಕಾಣ್ತಿದೆ," ಅಂದ ಬೋರ್ಡಿನವನು. "ಅಡ್ಡ ಏನಾದ್ರೂ ನಿಲ್ಲಿಸಿ."

ಟೈಲರಕ್ಕ ಗಂಡನನ್ನು ಮೇಲಿಂದ ಕೆಳಗೆ ಕಣ್ಣಲ್ಲೇ ಅಳೆದಳು. ಎತ್ತರ ಸರಿಯಾಗಿತ್ತು.

"ಮೀಸೆ ಹಿಂಗಿದೆಯಲ್ಲೇ," ಅಂದ ಅವನು.

ಬಟ್ಟೆ ಬಿಟ್ಟು ಬೇರೇನನ್ನೂ ಮುಟ್ಟದ ಕತ್ತರಿ ಒಂದಿತ್ತು. ಹಾಳೆ ಕತ್ತರಿಸಲೂ ಅದನ್ನು ಅವಳು ಯಾರಿಗೂ ಕೊಟ್ಟವಳಲ್ಲ. ಅವತ್ತು ಗಂಡನಿಗಾಗಿ ತೆಗೆದಳು. ಇದಕ್ಕಿಂತ ಪ್ರೀತಿ ಇನ್ನೇನು ಬೇಕು? ಮೀಸೆ ಒಂದೇ ತುಂಡಾಗಿ ಟಕ್ ಅಂತ ನೆಲಕ್ಕೆ ಬಿತ್ತು.

ಬೋರ್ಡು ಮೇಲೇರಿದೆ. ಮುಂದೆ ಮಿನುಗುವ ಕೂದಲಿನ ಟೈಲರಕ್ಕ. ಹಿಂದೆ ಬಿರುಕಿಗೆ ಅಂಟಿಕೊಂಡು ಯಾರೋ ಬೋಳು ತುಟಿಯವನು. ಗಿರಾಕಿಗಳು ಬಂದು ಕೇಳುತ್ತಾರೆ, "ಹಿಂದೆ ಇರೋದು ನಿಮ್ಮ ತಮ್ಮನಾ ಅಕ್ಕ?" ಅವಳು ಹೂಂ ಅಂದುಬಿಡುತ್ತಾಳೆ. ಪೇಂಟರಣ್ಣ ಮೀಸೆಯ ಆ ತುಂಡನ್ನು ಒಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದಾನೆ. ಯಾವ ಡಬ್ಬಿ ಅಂತ ಅವನಿಗೂ ಈಗ ನೆನಪಿಲ್ಲ.

ನೀವೂ ಒಮ್ಮೆ ಹೋಗಿ ಅವರನ್ನು ನೋಡಿ ಬನ್ನಿ. ಒಂದು ಅಂಗಿಗಾದರೂ ಅಳತೆ ಕೊಡಿ, ಹೊಲಿಗೆ ಚೆನ್ನಾಗಿದೆ. ಗೋಡೆಗೆ ಮೂಗಿಟ್ಟರೆ ಈಗಲೂ ಹೂವಿನ ವಾಸನೆ. ಪೇಂಟರಣ್ಣ ಸಿಕ್ಕರೆ ಮೀಸೆ ಚೆನ್ನಾಗಿ ಬರ್ತಿದೆ ಅನ್ನಿ, ಸುಳ್ಳಾದರೂ ಪರವಾಗಿಲ್ಲ. ಬಿಸ್ಕತ್ತು ಕೊಟ್ಟರೆ ಮಾತ್ರ, ಬಾಯಿಗೆ ಹಾಕುವ ಮೊದಲು ಸ್ವಲ್ಪ ಮೂಸಿ ನೋಡಿ.