ಹನ್ನೊಂದು ಪುಡ್ಡಿಂಗು, ಒಂದು ಪ್ಯಾಂಟು

ಬೆಳಗ್ಗೆ ಕೆಟಲ್ ಕುದಿಯುವಷ್ಟರಲ್ಲಿ ನಾನು ಊರಿನ ಹನ್ನೊಂದು ಜನರ ಹೆಸರು ಹೇಳಿ ಪ್ರಾರ್ಥಿಸುತ್ತೇನೆ. ಮೂವತ್ತು ವರ್ಷಗಳಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಅಡುಗೆಮನೆಗೆ ಹಾವು ಬಂದ ದಿನವೂ ಇಲ್ಲ. ಅವತ್ತು ಕುರ್ಚಿಯ ಮೇಲೆ ನಿಂತು ಪ್ರಾರ್ಥಿಸಿದೆ.

ಆ ವರ್ಷ ಗೋಧಿ ಬೆಳೆಯುವ ನಮ್ಮ ವಿಮೆರಾ ಬಯಲಿನಲ್ಲಿ ಎಲ್ಲರ ಜೇಬೂ ತೂತು. ನನ್ನ ಗಂಡ ಕ್ಲೆಮ್ ದುಡಿಯುವ ಹಿಟ್ಟಿನ ಗಿರಣಿ ವಾರಕ್ಕೆ ಮೂರೇ ದಿನ ತಿರುಗುತ್ತಿತ್ತು. ಆದರೂ ನಾನು ಘೋಷಿಸಿಯೇಬಿಟ್ಟೆ: ಈ ಕ್ರಿಸ್‌ಮಸ್‌ಗೆ ಪರ್ಸಿನ ಬಾಯಿ ತೆರೆಯದೆ ಹನ್ನೊಂದು ಹೆಸರಿಗೂ ಹನ್ನೊಂದು ಉಡುಗೊರೆ! ಕ್ಲೆಮ್ "ಆಮೆನ್" ಎಂದು ಪತ್ರಿಕೆಯ ಹಿಂದೆ ಮರೆಯಾದ.

ಪುಡ್ಡಿಂಗು ಮಾಡಿದೆ. ಮೊಟ್ಟೆ ನಮ್ಮ ಕೋಳಿಗಳದು, ಒಣದ್ರಾಕ್ಷಿ ಮಿಲ್ಡೂರದ ಅಕ್ಕ ಕಳಿಸಿದ್ದು. ಪುಡ್ಡಿಂಗನ್ನು ಬಟ್ಟೆಯಲ್ಲಿ ಕಟ್ಟಿ ಬೇಯಿಸಿ, ಆ ಗಂಟನ್ನೇ ಹಬ್ಬದವರೆಗೆ ತೂಗುಹಾಕಬೇಕು. ಅದಕ್ಕೆ ಹೊಸ ಬಟ್ಟೆ ಯಾಕೆ? ಚಿಂದಿ ಪೆಟ್ಟಿಗೆಯ ತಳದಲ್ಲಿ ಕ್ಲೆಮ್‌ನ ಹಳೆಯ ಬಿಳಿ ಪ್ಯಾಂಟು ಸಿಕ್ಕಿತು. ಮೂರು ಸಲ ಕುದಿಸಿ ತೊಳೆದು, ಹನ್ನೊಂದು ಚೌಕ ಕತ್ತರಿಸಿದೆ. ಅವನ ಸುತ್ತಳತೆ ಉದಾರವಾದದ್ದು, ಬಟ್ಟೆಗೆ ಕೊರತೆಯಾಗಲಿಲ್ಲ. ಒಂದು ಚೌಕದ ಕೆಂಪು ಕಲೆ ಮಾತ್ರ ಏನು ಮಾಡಿದರೂ ಹೋಗಲಿಲ್ಲ. ಹಬ್ಬದ ಬಣ್ಣವೇ ತಾನೆ ಎಂದು ಆ ಗಂಟನ್ನು ಪಾದ್ರಿಯವರ ಮನೆಗೆ ಕೊಟ್ಟೆ, ಮಿಕ್ಕ ಹತ್ತನ್ನೂ ಹಂಚಿ ಬಂದೆ.

ಶನಿವಾರ ಕ್ಲೆಮ್‌ನ ಕೊನೆಯ ಕ್ರಿಕೆಟ್ ಪಂದ್ಯ. ಇಪ್ಪತ್ತಾರು ವರ್ಷ ಊರಿಗಾಗಿ ಬೌಲಿಂಗ್ ಮಾಡಿದವನು ಬೆಳಗ್ಗೆಯೇ ಚಿಂದಿ ಪೆಟ್ಟಿಗೆಯೊಳಗೆ ತಲೆ ಹಾಕಿ ಕೂತಿದ್ದ.

"ಮರ್ಲ್, ಇಲ್ಲಿದ್ದ ನನ್ನ ಬಿಳೀ ಪ್ಯಾಂಟ್ ಎಲ್ಲಿ?"

"ಊರಲ್ಲೇ ಇದೆ."

"ಊರಲ್ಲಿ ಎಲ್ಲಿ?"

"ಹನ್ನೊಂದು ಮನೇಲಿ."

ಆಗ ವಿಷಯ ಹೊರಬಿತ್ತು. ಆ ಕಲೆ ಚೆಂಡನ್ನು ತೊಡೆಗೆ ಉಜ್ಜಿ ಉಜ್ಜಿ ಆದದ್ದು. ಅದೇ ಅವನ ಅದೃಷ್ಟವಂತೆ. ಹಿಂದೊಮ್ಮೆ ನಾನು ಒಗೆದುಬಿಟ್ಟ ವಾರವೇ ಫೈನಲ್ ಸೋತರಂತೆ. ಅಂದಿನಿಂದ ಪ್ಯಾಂಟನ್ನು ನನ್ನ ಸೋಪಿನಿಂದ ಕಾಪಾಡಲು ಚಿಂದಿಯಲ್ಲಿ ಬಚ್ಚಿಡುತ್ತಿದ್ದ. ಅವನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕಲೆ ಯಾರ ಮನೆಯಲ್ಲಿದೆ ಎಂದಷ್ಟೇ ಕೇಳಿದ.

ಕೊಟ್ಟ ಉಡುಗೊರೆಯನ್ನು ಬಾಗಿಲು ತಟ್ಟಿ ವಾಪಸ್ಸು ಕೇಳುವುದು ಹೇಗೆಂದು ಯಾವ ಉಪದೇಶದಲ್ಲೂ ಹೇಳಿಲ್ಲ. ಪಾದ್ರಿಯವರ ಹೆಂಡತಿ ಎನಿಡ್ ನನ್ನ ತಪ್ಪೊಪ್ಪಿಗೆಯನ್ನು ಪೂರ್ತಿ ಕೇಳಿ, ಕೊಕ್ಕೆಯಿಂದ ಗಂಟಿಳಿಸಿ, ಪುಡ್ಡಿಂಗನ್ನು ತಟ್ಟೆಗೆ ಬಿಡಿಸಿ, ಬಟ್ಟೆಯ ಜೊತೆಗೆ ಗಂಡನ ಬಿಳಿ ಪ್ಯಾಂಟನ್ನೂ ಕೊಟ್ಟಳು. ಪಾದ್ರಿಯವರದು ಮೇಣದಬತ್ತಿಯಂಥ ಮೈ. ಕ್ಲೆಮ್ ಸೊಂಟಕ್ಕೆ ಕೂಡದ ಆ ಪ್ಯಾಂಟನ್ನು ಹಗ್ಗ ಬಿಗಿದು ನಿಲ್ಲಿಸಿಕೊಂಡ, ಅದೃಷ್ಟದ ಬಟ್ಟೆಯನ್ನು ಹಗ್ಗಕ್ಕೆ ಸಿಕ್ಕಿಸಿದ.

ಮೈದಾನದಲ್ಲಿ ಉಜ್ಜಿದಷ್ಟೂ ಚೆಂಡಿಗೆ ಪುಡ್ಡಿಂಗಿನ ಜಿಡ್ಡು ಮೆತ್ತಿತು. ಬಯಲಿನ ನೊಣಗಳೆಲ್ಲ ಅವನ ಹಿಂದೆ ಮೆರವಣಿಗೆ ಹೊರಟವು. ಕೊನೆಗೆ ಅಂಪೈರು ಚೆಂಡನ್ನು ಮೂಸಿ ನೋಡಿ, "ಪುಡ್ಡಿಂಗಿಗೆ ಬ್ರಾಂದಿ ಸ್ವಲ್ಪ ಕಮ್ಮಿಯಾಯ್ತು ಕ್ಲೆಮ್" ಎಂದು ಬಟ್ಟೆಯನ್ನು ಕಿತ್ತು ನನ್ನ ಕಡೆ ಎಸೆದರು. ನಾಲ್ಕು ರನ್ನಿನಿಂದ ಸೋತೆವು. ಊರೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಕ್ಲೆಮ್.

ಮನೆಗೆ ಬಂದು ಹಗ್ಗ ಬಿಚ್ಚುತ್ತ ಅವನು ಮೆಲ್ಲಗೆ ಕೇಳಿದ: "ಆ ಹನ್ನೊಂದರಲ್ಲಿ ನಂದು ಯಾವುದಿತ್ತು?"

ಬೆರಳು ಮಡಿಸಿ ಎಣಿಸಿದೆ. ಪಾದ್ರಿಯವರಿದ್ದರು, ಅಂಚೆಯವನಿದ್ದ, ನನಗೆ ಆಗಿಬರದ ಆರ್ಗನ್ ನುಡಿಸುವವಳೂ ಇದ್ದಳು. ಕ್ಲೆಮ್ ಇರಲಿಲ್ಲ. ಮನೆಯಲ್ಲೇ ಇರುವವನಿಗೇನು ಪ್ರಾರ್ಥನೆ ಎಂದುಕೊಂಡಿದ್ದೆನೋ ಏನೋ, ಮೂವತ್ತು ವರ್ಷ!

"ಇರ್ಲಿ ಬಿಡೆ," ಎಂದ. "ತಂಡಕ್ಕೆ ನೀರು ಹೊರೋಕೆ ಹನ್ನೆರಡನೆಯವನೂ ಬೇಕಲ್ಲ."

ಭಾನುವಾರ ಕೆಟಲ್ ಕುದಿದು ಸಿಳ್ಳೆ ಹೊಡೆದರೂ ನನ್ನ ಪ್ರಾರ್ಥನೆ ಮುಗಿದಿರಲಿಲ್ಲ. ಒಂದು ಹೆಸರು ಹೆಚ್ಚಾಗಿತ್ತು.

ಮಧ್ಯಾಹ್ನ ಎನಿಡ್ ಬಂದಳು. "ಕಲೆ ಬಟ್ಟೆ ಕೊಡೆ. ಹಬ್ಬ ಮುಗಿದ ಮೇಲೆ ಮಿಕ್ಕ ಹತ್ತನ್ನೂ ಕೂಡಿಸಿ ಪ್ಯಾಂಟನ್ನ ನಾನೇ ಹೊಲಿದುಕೊಡ್ತೀನಿ."

ಒಲೆಯ ಮೇಲೆ ಪಾತ್ರೆ ಕೊತಕೊತ ಎನ್ನುತ್ತಿತ್ತು.

"ಬೇಡ ಎನಿಡ್," ಎಂದೆ. "ಆ ಬಟ್ಟೇಲಿ ಹನ್ನೆರಡನೇದು ಬೇಯ್ತಾ ಇದೆ."