ಕೊಳಾಯಿ ಕಡತಕ್ಕೆ ಸೇರಿಹೋದ ಕಥೆಯ ನಕಲು ಕೋರಿ

ಇಂದ,
ರವಾನೆ ಗುಮಾಸ್ತೆ (ಕಚೇರಿಯವರ ಬಾಯಲ್ಲಿ ‘ಸೀಲಕ್ಕ’),
ನೆಲಮಾಳಿಗೆ, ನೀರು ಸರಬರಾಜು ಕಚೇರಿ.

ಗೆ,
ಮುಖ್ಯ ಅಧಿಕಾರಿಗಳು,
ಎರಡನೇ ಮಹಡಿ, ಅದೇ ಕಚೇರಿ.

ವಿಷಯ: ಅರ್ಜಿದಾರಳ ಕಥೆಯ ದೃಢೀಕೃತ ನಕಲು ಒದಗಿಸುವ ಬಗ್ಗೆ.

ಉಲ್ಲೇಖ: 1. ಹಿಂಬದಿ ಓಣಿಯ ಕೊಳಾಯಿ ಸೋರಿಕೆಯ ಕಡತ, ಪುಟ 63ರಿಂದ 81.
2. ಅಧೀಕ್ಷಕರು ಮೆಟ್ಟಿಲ ಮೇಲೆ ಮೌಖಿಕವಾಗಿ ಆಡಿದ ಮಾತು.

ಮಾನ್ಯರೇ,

1. ಅರ್ಜಿದಾರಳು ಮೂವತ್ತನಾಲ್ಕು ವರ್ಷಗಳಿಂದ ಬಂದ ಕಾಗದಕ್ಕೆ ಸೀಲು ಒತ್ತುತ್ತ, ಹೋಗುವ ಕಾಗದಕ್ಕೆ ಅಂಟು ಹಚ್ಚುತ್ತ ಬಂದಿದ್ದು, ಈ ತಿಂಗಳ ಕೊನೆಗೆ ನಿವೃತ್ತಳಾಗಲಿದ್ದಾಳೆ. ಊರವರೆಲ್ಲರ ಬರಹ ಆಕೆಯ ಕೈ ದಾಟಿ ಹೋಗಿದ್ದು, ಆಕೆಯದೇ ಎಂಬ ಒಂದು ಸಾಲೂ ಅದರಲ್ಲಿ ಇರಲಿಲ್ಲ. ಕಾರಣ, ನಲವತ್ತೊಂಬತ್ತನೇ ವಯಸ್ಸಿನಲ್ಲಿ ಊಟದ ವಿರಾಮದ ಹೊತ್ತು, ಹಳೇ ಸುತ್ತೋಲೆಗಳ ಬೆನ್ನ ಮೇಲೆ ಆಕೆ ಒಂದು ಕಥೆ ಶುರು ಮಾಡಿದಳು. ಅದು ಹೋದ ತಿಂಗಳು ಮುಗಿಯಿತು.

2. ಮುಗಿದ ದಿನ ಹಾಳೆ ಎಷ್ಟಾಯಿತೆಂದು ಎಣಿಸಲು ಕೂತಳು. ಎದುರಿಗೆ ಕೊಳಾಯಿ ಕಡತ ತೆರೆದಿತ್ತು. ಅದರ ಕೊನೆಯ ಪುಟ 62. ಕೈಯಲ್ಲಿ ಕೆಂಪು ಪೆನ್ನಿತ್ತು. ಆಕೆ ಒಂದರಿಂದ ಎಣಿಸಲಿಲ್ಲ. ಅಭ್ಯಾಸಬಲದಿಂದ 63ರಿಂದ 81ರವರೆಗೆ ಅಂಕಿ ಹಾಕಿ, ದಾರ ಪೋಣಿಸಿ, ಕಡತವನ್ನು ಮೇಲಕ್ಕೆ ಕಳುಹಿಸಿಬಿಟ್ಟಳು. ಸದರಿ ತಪ್ಪಿಗೆ ಬೇರೆ ಯಾರೂ ಹೊಣೆಯಲ್ಲ.

3. ವಿಷಯ ನಿರ್ವಾಹಕರು ಕಡತ ಪರಿಶೀಲಿಸಿ, “ಪುಟ 66ರಲ್ಲಿ ಮಹಿಳೆಯೊಬ್ಬಳು ಮನೆಗೆ ಬೀಗ ಹಾಕಿ ಬಸ್ಸು ಹತ್ತಿರುತ್ತಾಳೆ. ಸೋರಿಕೆಗೂ ಇದಕ್ಕೂ ಸಂಬಂಧ ಕಂಡುಬರುವುದಿಲ್ಲ. ಆದೇಶಕ್ಕೆ ಮಂಡಿಸಿದೆ” ಎಂದು ಟಿಪ್ಪಣಿ ಬರೆದರು. ಅಧೀಕ್ಷಕರು, “ಬೀಗದ ಕೈ ಯಾರ ವಶದಲ್ಲಿದೆ? ಸ್ಪಷ್ಟಪಡಿಸಿ” ಎಂದರು. ತಾವು “ನೋಡಿದೆ” ಎಂದು ಸಹಿ ಹಾಕಿದಿರಿ. ಓದಿದಿರೋ ಇಲ್ಲವೋ ಎಂಬುದು ಸಹಿಯಿಂದ ತಿಳಿದುಬರುವುದಿಲ್ಲ.

4. ಅರ್ಜಿದಾರಳು ಅಧೀಕ್ಷಕರನ್ನು ಮೆಟ್ಟಿಲ ಮೇಲೆ ತಡೆದು ಹಾಳೆಗಳನ್ನು ವಾಪಸು ಕೇಳಿದಾಗ ನಡೆದ ಮಾತು ಹೀಗಿದೆ:

“ನಂಬರ್ ಬಿದ್ದಿದೆಯಲ್ಲಮ್ಮ. ನಂಬರ್ ಬಿದ್ದ ಹಾಳೆ ಕೀಳಬಾರದು ಅಂತ ಹೊಸಬರಿಗೆಲ್ಲ ಪಾಠ ಹೇಳಿದ್ದು ಯಾರು?”

“ನಾನೇ ಸಾರ್.”

“ಮತ್ತೆ? ಕೊಳಾಯಿ ರಿಪೇರಿ ಆಯ್ತು, ಕಡತ ಮುಗೀತು. ವರ್ಷ ಕಳೆದ್ರೆ ಸುಡ್ತೀವಿ. ಮನೇಲಿ ಕೂತು ಇನ್ನೊಂದು ಬರ್ಕೊಳ್ಳಿ. ಇನ್ಮೇಲೆ ನಿಮಗೆ ಟೈಮೇ ಟೈಮು.”

ಹತ್ತೊಂಬತ್ತು ಹಾಳೆಗೆ ಹನ್ನೊಂದು ವರ್ಷ ಹಿಡಿದಿದ್ದು, ಇದೇ ಲೆಕ್ಕದಲ್ಲಿ ಇನ್ನೊಂದು ಮುಗಿಯುವಾಗ ಆಕೆಗೆ ಎಪ್ಪತ್ತೊಂದು ತುಂಬಿರುತ್ತದೆ. ಬೇರೆ ಪ್ರತಿಯೂ ಇಲ್ಲ. ಆದ್ದರಿಂದ ಸದರಿ ಸಲಹೆ ಕಾರ್ಯಸಾಧ್ಯವಲ್ಲ.

5. ಈ ಮಧ್ಯೆ ಜೀಪಿನ ಚಾಲಕರು ಕಡತ ಒಯ್ಯುವಾಗ ದಾರಿಯಲ್ಲಿ ಕಥೆ ಓದಿ, ವಾಚು ರಿಪೇರಿ ಮಾಡುವ ಅರ್ಜಿದಾರಳ ಪತಿಗೆ ಅಂಗಡಿಯಲ್ಲೇ ವರದಿ ಒಪ್ಪಿಸಿರುತ್ತಾರೆ. ಪತಿಯವರು ಮನೆಗೆ ಬಂದು, “ಆ ಗಂಡ ಒದ್ದೆ ಟವೆಲ್ಲು ಹಾಸಿಗೆ ಮೇಲೆ ಎಸೀತಾನಂತೆ. ಯಾರನ್ನ ನೋಡಿ ಬರೆದೆ?” ಎಂದು ಕೇಳಿದರು.

“ಕಲ್ಪನೆ ರೀ.”

“ಕಲ್ಪನೆಗೆ ನನ್ನ ಟವೆಲ್ಲೇ ಬೇಕಿತ್ತಾ?”

ಎರಡು ದಿನ ಮಾತು ಬಿಟ್ಟಿದ್ದು, ಮೂರನೇ ದಿನ, “ಕಥೇನ ನನಗೂ ಒಂದ್ಸಲ ತೋರಿಸ್ಬಹುದಿತ್ತು. ಊರೆಲ್ಲ ಓದಾಯ್ತು” ಎಂದಿರುತ್ತಾರೆ. ತೋರಿಸಲು ಅರ್ಜಿದಾರಳ ಬಳಿ ಏನೂ ಇಲ್ಲ.

6. ನಿವೃತ್ತಿಯ ಮರುದಿನದಿಂದ ಆಕೆ ಸಾರ್ವಜನಿಕಳಾಗುತ್ತಾಳೆ. ಆಗ ಕಿಟಕಿಯ ಹೊರಗೆ ನಿಂತು, ನಕಲು ಏಕೆ ಬೇಕೆಂದು ಕಾರಣ ನಮೂದಿಸಬೇಕು. ‘ನನ್ನದು’ ಎಂಬುದು ಆ ಕಾಲಮಿಗೆ ಸಾಲುವುದಿಲ್ಲವೆಂದು ಎಷ್ಟೋ ಜನರನ್ನು ಆಕೆಯೇ ವಾಪಸು ಕಳುಹಿಸಿರುತ್ತಾಳೆ.

ಆದ್ದರಿಂದ, ಹಾಳೆ ಕೀಳುವಂತಿಲ್ಲದ ಕಾರಣ, ಕಡತ ಸುಡುವ ಕಾರಣ, ದಿನಗಳು ಕಡಿಮೆ ಇರುವ ಕಾರಣ, ಸದರಿ ಹತ್ತೊಂಬತ್ತು ಪುಟಗಳ ದೃಢೀಕೃತ ನಕಲು ನೀಡಬೇಕಾಗಿ ಕೋರಿದೆ. ನಕಲು ತೆಗೆಯುವುದು ರವಾನೆ ಗುಮಾಸ್ತೆಯ ಕೆಲಸವೇ ಆದ್ದರಿಂದ ಅದನ್ನು ಅರ್ಜಿದಾರಳೇ ಕೈಬರಹದಲ್ಲಿ ಮಾಡಿಕೊಳ್ಳುತ್ತಾಳೆ. ತಾವು ಪ್ರತಿ ಪುಟಕ್ಕೂ ‘ಅಸಲಿನಂತೆಯೇ ಇದೆ’ ಎಂದು ಸಹಿ ಹಾಕಿದರೆ ಸಾಕು.

ಇನ್ನು ಹನ್ನೆರಡು ದಿನಗಳ ಮಟ್ಟಿಗೆ ತಮ್ಮ ವಿಶ್ವಾಸಿ,
(ಸಹಿ)
ರವಾನೆ ಗುಮಾಸ್ತೆ

ಅಡಕ:
1. ಬೀಗದ ಕೈ ಬಗ್ಗೆ ವಿವರಣೆ: ಒಂದು ಹಾಳೆ. (ಆ ಮಹಿಳೆಯ ಚೀಲದಲ್ಲೇ ಇದೆ.)
2. ನಕಲಿಗಾಗಿ ಖಾಲಿ ಹಾಳೆ: ಮೂವತ್ತು.

ವಿಶೇಷ ಕೋರಿಕೆ: ನಿನ್ನೆ ಕಡತ ನೋಡಲು ಸಿಕ್ಕಾಗ ಪುಟ 70ರಿಂದ 73ರವರೆಗೆ ಬರೀ ಉಪದೇಶವಿರುವುದು ಅರ್ಜಿದಾರಳ ಗಮನಕ್ಕೆ ಬಂದಿರುತ್ತದೆ. ನಕಲು ಮಾಡುವಾಗ ಅದನ್ನು ಪೂರ್ತಿ ಕಿತ್ತು ಹೊಸದಾಗಿ ಬರೆಯುವುದು ಅನಿವಾರ್ಯವಾಗಿದ್ದು, ಕೊನೆಯೂ ಬದಲಾಗುವ ಸಂಭವವಿದೆ. ಸಹಿ ಹಾಕುವಾಗ ತಾವು ದಯವಿಟ್ಟು ಅಸಲಿನೊಂದಿಗೆ ಹೋಲಿಸಿ ನೋಡಬಾರದೆಂದು ಪ್ರಾರ್ಥನೆ.