ಒಂದೇ ಸಲ ಕೇಳುವ ‘ಮನಿ ಊಟ’

ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರೂ ಊರಿನ ‘ಮನಿ ಊಟ’ದ ಹೋಟೆಲ್ಲುಗಳಿಗೆ ಒಂದೇ ದಿನ ಬೀಗ ಹಾಕಿಸಿದ ಗಂಡಸು ನಾನು. ಸುಳ್ಳು ಬಿಡ್ರಿ, ಚಾ ಕುಡೀರಿ. ಮೂರೂ ತೆರೆದೇ ಇವೆ, ಭಾನುವಾರ ಕೂಡಲು ಜಾಗ ಸಿಗುವುದಿಲ್ಲ. ನನ್ನ ಸಿಟ್ಟು ಮಾತ್ರ ಖರೇ. ಒಬ್ಬನೇ ಮಾಲೀಕ, ಮೂರು ಕಡೆಯೂ ಒಂದೇ ವೇಷ: ಗೋಡೆಗೆ ಮೊರ, ಮೂಲೆಗೆ ಬೀಸುಕಲ್ಲು, ಬಾಗಿಲಿಗೆ ‘ಇದು ನಿಮ್ಮದೇ ಮನಿ’ ಎಂಬ ಬೋರ್ಡು. ಇಂಥ ಮನೆ ಹೊಕ್ಕಾಗಲೆಲ್ಲ ನನಗೆ ಏನಾದರೊಂದು ಆಗಿಯೇ ತೀರುತ್ತದೆ.

ಸಿಂಧನೂರು

ಎರಡು ರೊಟ್ಟಿ ಮುಗಿಸಿದ್ದೆ. ಬಡಿಸುವವನು ಬಂದು, “ರೊಟ್ಟಿ ಹಾಕ್ಲೇನ್ರಿ?” ಅಂದ.

“ಬ್ಯಾಡಪ್ಪಾ,” ಅಂದು ತಾಟಿನ ಮೇಲೆ ಕೈ ಅಡ್ಡ ಹಿಡಿದೆ. ನಮ್ಮ ಕಡೆ ಮೊದಲನೇ ‘ಬ್ಯಾಡ’ ಮರ್ಯಾದೆಗೆ, ಎರಡನೆಯದು ಬಿಗುಮಾನಕ್ಕೆ. ಮೂರನೆಯದು ಬಾಯಿಗೆ ಬರುವಷ್ಟರಲ್ಲಿ ಬೆರಳ ಸಂದಿಯಿಂದ ರೊಟ್ಟಿ ಬಿದ್ದಿರಬೇಕು. ಈ ಮಹಾಶಯ “ಆತ್ರಿ” ಅಂದವನೇ ಹೋಗಿಬಿಟ್ಟ! ನನ್ನ ಕೈ ಅಲ್ಲೇ ಕಾಯುತ್ತಾ ಕೂತಿತು.

ಮೈಯೆಲ್ಲ ಉರಿದು ಕರೆದೆ. “ಲೇ, ನಿಮ್ಮ ಮನ್ಯಾಗ ಬೀಗರಿಗೂ ಒಂದ ಸಲ ಕೇಳ್ತೀರೇನು?”

“ಇಲ್ರಿ. ಆದ್ರ ನಮ್ಮ ಬೀಗರು ಯಾವಾಗ ಏಳ್ತಾರ ಅಂತ ಹೊರಗ ಇಪ್ಪತ್ತು ಮಂದಿ ನಿಂತಿರಂಗಿಲ್ರಿ.”

ಲಿಂಗಸುಗೂರು

ಸೇಡು ತೀರಿಸಬೇಕಲ್ಲ. ಅಲ್ಲಿಯ ಹೋಟೆಲಿನಲ್ಲಿ ಉಂಡು, ಶೋಕಿಗೆ ಕಟ್ಟಿಸಿದ ಕಟ್ಟೆಯ ಮೇಲೆ ಟವೆಲ್ ಹಾಸಿ ಮಲಗಿದೆ. ಮ್ಯಾನೇಜರ್ ಓಡಿ ಬಂದ. “ಏಳ್ರಿ ಯಜಮಾನ್ರ, ಏನ್ ಮಾಡಾಕತ್ತೀರಿ?”

“ಬೋರ್ಡ್ ಓದೀಯಿಲ್ಲೋ? ನಮ್ಮದೇ ಮನಿ. ಉಂಡ ಮ್ಯಾಲೆ ಮಕ್ಕೊಳ್ಳದು ನಮ್ಮ ಪದ್ಧತಿ.”

ಆತ ಒಳಗೆ ಹೋಗಿ ಕಸಬರಿಗೆ ತಂದು ಕೈಗಿಟ್ಟ. “ನಿಮ್ಮದೇ ಮನಿ ಅಲ್ರಿ? ಕಸಾ ಹೊಡ್ದು ಮಕ್ಕೋರಿ.”

ಅರ್ಧ ಮಾತ್ರ ಹೊಡೆದೆ. ಜೊತೆಗಿದ್ದ ಹೆಂಡತಿ ಪೂರ್ತಿ ಅನ್ನುತ್ತಾಳೆ. ಆಕೆಯ ಮಾತು ನಂಬಬೇಡಿ.

ಮಸ್ಕಿ

ಇಲ್ಲಿ ನನ್ನ ಸಿಟ್ಟು ತಮಾಷೆಯದಲ್ಲ. ನಮ್ಮ ಅಕ್ಕ ಖಾನಾವಳಿ ನಡೆಸಿದವಳು. ಈ ಹೋಟೆಲ್ ಬಂದದ್ದೇ ಅದು ಮುಚ್ಚಿತು. ಈಗ ಅದೇ ಹೋಟೆಲಿನವರು ಅವಳನ್ನು ಗಾಜಿನ ಹಿಂದೆ ಕೂಡಿಸಿ ರೊಟ್ಟಿ ತಟ್ಟಿಸುತ್ತಾರೆ, ಮಂದಿ ಫೋಟೋ ಹೊಡೆಯಲೆಂದು. ಅವಳ ಸಂಸಾರ ನಡೆಯುವುದೇ ಆ ಕೆಲಸದಿಂದ. ಮ್ಯಾನೇಜರನ ಹುಕುಂ ಒಂದೇ: “ಹೊರಗ ಬಂದು ಬಡಿಸಿದ್ರ ಕೆಲಸ ಹೋತು.”

ಸುಮ್ಮನೆ ಉಂಡು ಬರುತ್ತೇನೆಂದು ಆಣೆ ಮಾಡಿಯೇ ಹೋಗಿದ್ದೆ. ಬಡಿಸುವವನು ಕೇಳಿದ, ರೂಢಿಯಂತೆ “ಬ್ಯಾಡ” ಅಂದೆ, ಅವನು ಹೋದ. ಅಡ್ಡ ಹಿಡಿದ ನನ್ನ ಕೈ ಗಾಜಿನಾಚೆಯಿಂದ ಅಕ್ಕನ ಕಣ್ಣಿಗೆ ಬಿತ್ತು. ಬುಟ್ಟಿ ಹೊತ್ತು ಬಂದೇಬಿಟ್ಟಳು.

“ಅರ್ಧ ಹೊಟ್ಟಿಗೆ ಏಳ್ತೀಯೇನೋ? ಹಾಕ್ಕೋ.”

“ಬ್ಯಾಡಕ್ಕ! ಒಳಗ ಹೋಗು, ಕೆಲಸ ಹೋಗ್ತೈತಿ!”

ಜನ್ಮದಲ್ಲಿ ಮೊದಲ ಸಲ ಖರೇ ‘ಬ್ಯಾಡ’ ಅಂದಿದ್ದೆ. ನಂಬುವವರಾರು? ಅಂದಷ್ಟೂ ರೊಟ್ಟಿ ಬಿದ್ದವು. ಸುತ್ತಲಿನವರೂ ತಾಟಿನ ಮೇಲೆ ಕೈ ಹಿಡಿದು, “ನಮಗೂ ಬ್ಯಾಡ್ರಿ ಅಕ್ಕಾರ!” ಎಂದು ಕೂಗಿದರು. ಬುಟ್ಟಿ ಖಾಲಿ.

ಮ್ಯಾನೇಜರ್ ಕೆಂಡವಾಗಿ ಬಂದ. “ನಾಳಿಯಿಂದ ನೀವು ಬರೂದು ಬ್ಯಾಡ!”

ನಾನು ತಾಟು ಬಿಟ್ಟು ಎದ್ದು ನಿಂತೆ. ಅಕ್ಕ ಮಾತ್ರ ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು. “ಮೊದಲನೇ ಸಲ ಅಂದಾನ ತಗೋ. ನಾಳಿ ಬರ್ತೀನಿ.”

ಮರುದಿನ ಹೋದಳು, ಮ್ಯಾನೇಜರ್ ಮತ್ತೆ ‘ಬ್ಯಾಡ’ ಅಂದ. ಮೂರನೇ ದಿನ ಅವಳು ಬಾಗಿಲಿಗೆ ಬಂದಾಗ, ಅವನು ಬಾಯಿ ತೆರೆಯುವ ಮೊದಲೇ ಗಿರಾಕಿಗಳು “ಅಕ್ಕಾರೆಲ್ಲಿ?” ಅಂದರು. ಈಗ ಅವಳು ಗಾಜಿನ ಹೊರಗೇ ನಿಂತು ರೊಟ್ಟಿ ಬಡಿಸುತ್ತಾಳೆ.

ಇರಲಿ, ಚಾ ಮುಗಿಯಿತು. ಈಗ ನಾನು ಕಿಸೆಗೆ ಕೈ ಹಾಕುತ್ತೇನೆ, ನೀವು “ಬ್ಯಾಡ್ರಿ, ನಾ ಕೊಡ್ತೀನಿ” ಅನ್ರಿ. ಸಿಂಧನೂರಿನ ಆ ಬಡಿಸುವವನ ಹಂಗೆ, ನಾನು ಒಂದೇ ಮಾತಿಗೆ ಒಪ್ಪಿಬಿಡುತ್ತೇನೆ.